ಚಾಯ್ಸ್ ಟು

ಮೊದಲೇ ಒಂದು ಮಾತು ಹೇಳಿಬಿಡ್ತೀವಿ. ಈ ಬರಹದಲ್ಲಿ 'ನಾನು' ಬರಲ್ಲ. ಟೈಪ್ ಮಾಡ್ತಿರೋ ಕೈ ಒಂದೇ, ಆದ್ರೆ ವಿಷಯ ಇಬ್ಬರದು. ಇಬ್ಬರೂ ಓದಿ, ಜಗಳ ಆಡಿ, ಎರಡು ಕಡೆ ತಿದ್ದಿ, ಆಮೇಲೆ ಕನ್ನಡ ಸಂಘಕ್ಕೆ ಕಳಿಸಿದ್ದು. ಅದಕ್ಕೇ 'ನಾವು'. ನಮ್ಮಲ್ಲಿ ಒಬ್ಬಳು ಬಬಲೇಶ್ವರದವಳು, ಇಲ್ಲೇ ವಿಜಯಪುರದಲ್ಲಿ ಸೆಕೆಂಡ್ ಇಯರ್. ಒಬ್ಬ ಟಿಕೋಟಾದವನು, ಬೆಂಗಳೂರಲ್ಲಿ ಸೆಕೆಂಡ್ ಇಯರ್. ಇಬ್ಬರಿಗೂ ಹತ್ತೊಂಬತ್ತು. ಇಬ್ಬರೂ ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ, ಆದ್ದರಿಂದ ಒತ್ತಕ್ಷರ ಎಲ್ಲಾದ್ರೂ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಯಾರಿವರು ಅಂತ ಹುಡುಕೋಕೆ ಹೋಗಬೇಡಿ. ಬಬಲೇಶ್ವರದಿಂದ ದಿನಾ ಬಸ್ಸಲ್ಲಿ ಬರೋರು ಬಹಳ ಜನ ಇದ್ದಾರೆ, ಸಣ್ಣಪುಟ್ಟ ಗುರುತುಗಳನ್ನೂ ಬದಲಾಯಿಸಿದ್ದೀವಿ.

ನಮ್ಮ ಪರಿಚಯ ಆಗಿದ್ದು ಪಿಯುಸಿಯಲ್ಲಿ. ಕಾಲೇಜು, ಕೋಚಿಂಗ್ ಎರಡೂ ವಿಜಯಪುರದಲ್ಲಿ. ಸಂಜೆ ಆದ್ರೆ ಇಬ್ಬರೂ ಬಸ್ ಸ್ಟ್ಯಾಂಡಲ್ಲಿ. ಒಂದು ಬಸ್ಸು ಪಶ್ಚಿಮಕ್ಕೆ ಟಿಕೋಟಾ ಕಡೆ, ಇನ್ನೊಂದು ನೈಋತ್ಯಕ್ಕೆ ಬಬಲೇಶ್ವರದ ಕಡೆ. ಎರಡೂ ಊರು ಇಲ್ಲಿಂದ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರ್ ಅಷ್ಟೇ. ಮೊದಲು ಎರಡೂ ವಿಜಯಪುರ ತಾಲೂಕಲ್ಲೇ ಇದ್ವು, ಈಗ ಎರಡೂ ಬೇರೆ ಬೇರೆ ತಾಲೂಕು. ಬಸ್ಸು ಲೇಟಾದಷ್ಟೂ ನಮಗೆ ಖುಷಿ. ಬಸ್ಸು ಲೇಟಾದ್ರೆ ಖುಷಿ ಪಡೋ ಇಬ್ಬರು ಇಡೀ ಸ್ಟ್ಯಾಂಡಲ್ಲಿ ನಾವೇ ಇರಬೇಕು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರು ಆಯ್ತು. ಅವತ್ತಿಂದ ಬಬಲೇಶ್ವರದವಳಿಗೆ ಶೂನ್ಯ ಟಿಕೆಟ್, ಟಿಕೋಟಾದವನಿಗೆ ಮಾತ್ರ ಖರ್ಚು. 'ಇದು ಅನ್ಯಾಯ' ಅಂತ ಅವನು ದಿನಾ ಕಾಡಿಸ್ತಿದ್ದ. ಅವಳು ಶೂನ್ಯ ಟಿಕೆಟ್‌ಗಳನ್ನ ಕೆಮಿಸ್ಟ್ರಿ ಪುಸ್ತಕದಲ್ಲಿ ಇಟ್ಟುಕೊಂಡು 'ಇವೆಲ್ಲಾ ನಾವು ಭೇಟಿ ಆಗಿದ್ದರ ರಸೀದಿ' ಅಂತಿದ್ದಳು. ಮುಂದೆ ಗೊತ್ತಾಯ್ತು, ಟಿಕೆಟ್ ಒಂದೇ ಅವಳಿಗೆ ಫ್ರೀ ಇದ್ದದ್ದು.

ಆಮೇಲೆ ಸಿಇಟಿ ಬಂತು. ಈ ಪತ್ರಿಕೆ ಓದೋರಿಗೆ ಕೆಇಎ ಕೌನ್ಸೆಲಿಂಗ್ ಬಗ್ಗೆ ಹೇಳಬೇಕಾಗಿಲ್ಲ. ಆದ್ರೂ ನಾಲ್ಕು ಚಾಯ್ಸ್ ಒಮ್ಮೆ ನೆನಪಿಸಿಕೊಳ್ಳಿ. ಚಾಯ್ಸ್ ಒಂದು: ಸಿಕ್ಕ ಸೀಟು ಇಷ್ಟ, ಫೀ ಕಟ್ಟಿ ಸೇರ್ತೀನಿ. ಚಾಯ್ಸ್ ಎರಡು: ಸಿಕ್ಕಿದ್ದು ಇರಲಿ, ಆದ್ರೆ ಮುಂದಿನ ರೌಂಡಿಗೂ ಬರ್ತೀನಿ, ಇನ್ನೂ ಒಳ್ಳೇದು ಸಿಗಬಹುದು. ಚಾಯ್ಸ್ ಮೂರು: ಇದು ಬೇಡ, ಮುಂದಿನ ರೌಂಡು ನೋಡ್ತೀನಿ. ಚಾಯ್ಸ್ ನಾಲ್ಕು: ಇದೂ ಬೇಡ, ಮುಂದೂ ಬೇಡ, ನಮಸ್ಕಾರ. ಚಾಯ್ಸ್ ಎರಡರಲ್ಲಿ ಒಂದು ವಿಷಯ ಇದೆ: ಮೇಲಿನ ಆಪ್ಶನ್ ಸಿಕ್ಕಿದ್ರೆ ಹಳೇ ಸೀಟು ತಾನಾಗೇ ರದ್ದು. ಯಾರನ್ನೂ ಕೇಳಲ್ಲ.

ನಮ್ಮಿಬ್ಬರಲ್ಲಿ ರ್‍ಯಾಂಕ್ ಚೆನ್ನಾಗಿದ್ದದ್ದು ಅವಳದು. ಆದ್ರೆ ಅವಳ ಆಪ್ಶನ್ ಎಂಟ್ರಿ ಮಾಡಿದ್ದು ಮನೆಯವರು. 'ಇಲ್ಲೇ ಕಾಲೇಜ್ ಐತಲ್ಲ, ಮುಂಜಾನೆ ಹೋಗಿ ಸಂಜಿಗೆ ಮನಿಗೆ ಬರಬಹುದು.' ಮೊದಲ ರೌಂಡಲ್ಲೇ ಸೀಟು, ಚಾಯ್ಸ್ ಒಂದು, ಮುಗೀತು. ಅವನು ಚಾಯ್ಸ್ ಎರಡು ಒತ್ತಿದ. ಎರಡನೇ ರೌಂಡಲ್ಲಿ ಬೆಂಗಳೂರು ಸಿಕ್ತು. ಆಗ ನಾವಿಬ್ಬರೂ ಖುಷಿಯಿಂದ ಪೇಡಾ ತಿಂದ್ವಿ. ಈ ವ್ಯತ್ಯಾಸ ಆಮೇಲೆ ನಮ್ಮ ವಿಷಯದಲ್ಲೂ ಬರುತ್ತೆ ಅಂತ ಯಾರಿಗೂ ಹೊಳೀಲಿಲ್ಲ.

ಅವನು ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತೋ ಹಿಂದಿನ ದಿನ ಮಾತಾಡಿದ್ವಿ. ಐನೂರು ಕಿಲೋಮೀಟರ್‌ಗೂ ಮೇಲೆ ದೂರ, ನಾಲ್ಕು ವರ್ಷ. ನಮ್ಮ ಸೀನಿಯರ್‌ಗಳ ಲಾಂಗ್ ಡಿಸ್ಟೆನ್ಸ್ ಕಥೆಗಳು ನಮಗೆ ಗೊತ್ತಿದ್ವು. ಮೊದಲ ಸೆಮ್‌ನಲ್ಲಿ ಅಳು, ಎರಡನೇ ಸೆಮ್‌ನಲ್ಲಿ ಅನುಮಾನ, ಮೂರನೇ ಸೆಮ್‌ನಲ್ಲಿ ಬ್ಲಾಕ್. ನಾವು ಹಂಗಾಗಬಾರದು ಅಂತ ಅವನೇ ಅಂದ, 'ಓಪನ್ ಆಗಿ ಇರೂಣು. ಅಲ್ಲಿ ಯಾರಾದ್ರೂ ಇಷ್ಟ ಆದ್ರ ಭೇಟಿ ಆಗೂದು, ಇಲ್ಲಿ ನೀನೂ ಹಂಗ. ನಾವು ನಾವಾಗೇ ಇರ್ತೀವಿ, ಕಟ್ಟಿ ಹಾಕೂದು ಬ್ಯಾಡ.' ಅವಳು ಒಂದು ಸೆಕೆಂಡೂ ಯೋಚಿಸದೆ 'ಹೂಂ' ಅಂದಳು. ಯಾಕಂದ್ರೆ ಇನ್‌ಸ್ಟಾಗ್ರಾಮಲ್ಲಿ ಈ ತರ ಬಹಳ ನೋಡಿದ್ವಿ. ಬೇಡ ಅಂದ್ರೆ ಹಳ್ಳಿ ಹುಡುಗಿ ಅಂತ ಅನಿಸಿಬಿಡ್ತೀನಿ ಅನ್ನೋ ಹೆದರಿಕೆ ಅವಳಿಗೆ. ಅವನಿಗೆ ಇದ್ದದ್ದು ಇನ್ನೊಂದು ಹೆದರಿಕೆ: ಅವಳನ್ನ ಕಳಕೊಳ್ಳೋದು ಬೇಡ, ಬೆಂಗಳೂರನ್ನೂ ಕಳಕೊಳ್ಳೋದು ಬೇಡ. ಇಬ್ಬರೂ ಇದನ್ನ ಈಗ ಒಪ್ಪಿಕೊಳ್ತೀವಿ. ಆಗ 'ಮೆಚ್ಯೂರ್ ಡಿಸಿಷನ್' ಅಂತ ಹೈ ಫೈ ಕೊಟ್ಟುಕೊಂಡ್ವಿ.

ಮೂರು ರೂಲ್ ಮಾಡಿದ್ವಿ. ಒಂದು, ಸುಳ್ಳು ಹೇಳಬಾರದು. ಎರಡು, ಕೇಳದೇ ಇದ್ರೆ ಡೀಟೇಲ್ಸ್ ಹೇಳಬಾರದು. ಮೂರು, ಭಾನುವಾರ ರಾತ್ರಿ ಕಾಲ್ ತಪ್ಪಿಸಬಾರದು. ಇಂಜಿನಿಯರಿಂಗ್ ಇನ್ನೂ ಶುರು ಆಗಿರಲಿಲ್ಲ, ಆಗಲೇ ಸಿಸ್ಟಮ್ ಡಿಸೈನ್ ಮಾಡಿದ್ವಿ. ಯಾವ ಕಂಡೀಶನ್‌ನಲ್ಲಿ ಈ ಸಿಸ್ಟಮ್ ಓಡಬೇಕು ಅಂತ ಮಾತ್ರ ನೋಡಲಿಲ್ಲ.

ಮೊದಲ ವರ್ಷ ಹೆಂಗೋ ಆಯ್ತು. ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್, ಮ್ಯಾಥ್ಸ್. ಯಾರಿಗೂ ಯಾರನ್ನೂ ಭೇಟಿ ಆಗೋ ಪುರುಸೊತ್ತೇ ಇರಲಿಲ್ಲ. ಓಪನ್ ಅನ್ನೋದು ಮಾತಲ್ಲಷ್ಟೇ ಇತ್ತು. ಸೆಕೆಂಡ್ ಇಯರ್ ಬಂದ ಮೇಲೆ ಅವನು ಕ್ಲಾಸಿನ ಒಬ್ಬಳ ಜೊತೆ ಸಿನಿಮಾಗೆ ಹೋದ. ಆಮೇಲೆ ಕಾಫಿಗೆ. ಕೇಳಿದಾಗ ರೂಲ್ ಪ್ರಕಾರ ಹೇಳಿದ. ಇವಳು 'ಓಕೆ ನೈಸ್' ಅಂತ ಕಳಿಸಿ ಫೋನ್ ಉಲ್ಟಾ ಇಟ್ಟಳು. ಅವತ್ತು ಡೇಟಾ ಸ್ಟ್ರಕ್ಚರ್ಸ್ ಓದಬೇಕಿತ್ತು, ಒಂದೇ ಪುಟದ ಮೇಲೆ ಎರಡು ಗಂಟೆ ಕೂತಿದ್ದಳು. ಅವನಿಗೆ ಕೋಪ ಮಾಡ್ಕೊಳ್ಳೋ ಹಾಗಿಲ್ಲ, ಯಾಕಂದ್ರೆ ಅವನು ಏನೂ ತಪ್ಪು ಮಾಡಿಲ್ಲ. ತಪ್ಪಿಲ್ಲದವರ ಮೇಲೆ ಬರೋ ಕೋಪ ಬಹಳ ಕಷ್ಟದ್ದು, ಎಲ್ಲಿ ಇಡಬೇಕು ಗೊತ್ತಾಗಲ್ಲ.

ಒಂದು ತಿಂಗಳಾದ ಮೇಲೆ ಇವಳೂ 'ಸರಿ, ನನಗೂ ಹಕ್ಕಿದೆಯಲ್ಲ' ಅಂದುಕೊಂಡಳು. ಲ್ಯಾಬ್ ಬ್ಯಾಚಿನ ಒಬ್ಬ ಹುಡುಗ, ಒಳ್ಳೆಯವನು, ಚಹಾಕ್ಕೆ ಕರೆದ. ಗಾಂಧಿ ಚೌಕದ ಹತ್ರ ಚಹಾ, ಒಂದು ಪ್ಲೇಟ್ ಮಿರ್ಚಿ ಭಜಿ. ಇಪ್ಪತ್ತು ನಿಮಿಷ. ಮಾತಾಡಿದ್ದು ಎಕ್ಸ್‌ಟರ್ನಲ್ ಎಕ್ಸಾಮಿನರ್ ಬಗ್ಗೆ. ಅಷ್ಟರಲ್ಲಿ ಊರಿನವರು ಯಾರೋ ನೋಡಿದ್ರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಅವಳು ಹತ್ತಿದ ಬಸ್ಸು ಬಬಲೇಶ್ವರ ಮುಟ್ಟೋ ಮೊದಲೇ ಸುದ್ದಿ ಮುಟ್ಟಿತ್ತು.

ಅಪ್ಪ ಬೈಯಲಿಲ್ಲ. ಊಟದ ತಾಟು ಸರಿಸಿ 'ನಾಳಿಂದ ನಾನ ಬಿಡತೀನಿ, ನಾನ ಕರಕೊಂಡು ಬರತೀನಿ' ಅಂದ್ರು. ಮೂರು ವಾರ ಅಪ್ಪನ ಬೈಕಿನ ಹಿಂದೆ. ತೋಟದ ಕೆಲಸ ಬಿಟ್ಟು ಅವರು ಕಾಲೇಜ್ ಗೇಟಲ್ಲಿ ನಿಂತಿರೋರು. ಅಜ್ಜಿಯ ಎದುರು ಒಮ್ಮೆ ಅಂದಿದ್ದು ಕೇಳಿಸ್ತು, 'ಈ ಸೆಮಿಸ್ಟರ್ ಮುಗೀಲಿ, ಮುಂದ ಕಲಿಸೂದು ಬಿಡೂದು ಆಮ್ಯಾಲ ನೋಡೂಣು.' ನಾಲ್ಕು ವರ್ಷದ ಡಿಗ್ರಿ ಒಂದು ಪ್ಲೇಟ್ ಭಜಿ ಮೇಲೆ ನಿಂತಿತ್ತು. ಎರಡು ವರ್ಷದಿಂದ ಫೋನಲ್ಲಿರೋ ಟಿಕೋಟಾದ ಹುಡುಗನ ಬಗ್ಗೆ ಮನೇಲಿ ಯಾರಿಗೂ ಗೊತ್ತೇ ಇರಲಿಲ್ಲ. ಏನೂ ಇಲ್ಲದ ಚಹಾ ಮಾತ್ರ ಸಿಕ್ಕಿಬಿತ್ತು.

ಆ ಭಾನುವಾರವೂ ಕಾಲ್ ಆಯ್ತು. ಅವಳು ಮಾಳಿಗೆ ಮೇಲೆ ಹೋಗಿ ಪಿಸುಮಾತಲ್ಲಿ ಮಾತಾಡಿದಳು. ಅವನು ಜಯನಗರದಲ್ಲಿ ಯಾವುದೋ ಕೆಫೆ ಚೆನ್ನಾಗಿದೆ, ನೀನು ಬಂದಾಗ ಹೋಗೋಣ ಅಂದ. ಅವಳು ಹೂಂ ಅಂದಳು. ಬೈಕಿನ ವಿಷಯ ಹೇಳಲಿಲ್ಲ. ಅವನು ಕೇಳಿರಲಿಲ್ಲ, ರೂಲ್ ಎರಡು. ಹೇಳಿದ್ರೆ ಕಂಪ್ಲೇಂಟ್ ಹೇಳಿದ ಹಾಗಾಗುತ್ತೆ ಅಂತಲೂ ಅನಿಸಿತ್ತು.

ಮೂರು ವಾರದ ಮೇಲೆ ಹೇಳಿದಳು. ಅವನು ತುಂಬಾ ಹೊತ್ತು ಸುಮ್ಮನಿದ್ದು, 'ಅಂದ್ರ ಓಪನ್ ಅನ್ನೂದು ನನಗಷ್ಟ ಇತ್ತೇನು?' ಅಂದ. ಹೌದು ಅನ್ನೋಕೆ ಅವಳಿಗೂ ಧೈರ್ಯ ಆಗಲಿಲ್ಲ. ಆದ್ರೆ ಅದು ಹೌದು. ರೂಲ್ ಇಬ್ಬರಿಗೂ ಒಂದೇ ಇತ್ತು, ಊರು ಒಂದೇ ಇರಲಿಲ್ಲ. ಬೆಂಗಳೂರಲ್ಲಿ ಅವನು ಯಾರ ಜೊತೆ ಕೂತರೂ ಪಕ್ಕದ ಟೇಬಲ್ಲಿನವರು ತಲೆ ಎತ್ತಲ್ಲ. ಇಲ್ಲಿ ಇಬ್ರಾಹಿಂ ರೋಜಾದ ಹುಲ್ಲಿನ ಮೇಲೆ ಕೂತರೂ ಯಾರೋ ಒಬ್ಬ ಮಾಮಾ ಇರ್ತಾನೆ.

ಆಮೇಲಿನ ದಿನಗಳಲ್ಲಿ ಈ ಸಂಬಂಧ ಮುಂದುವರಿಸಬೇಕಾ ಬೇಡವಾ ಅನ್ನೋದೇ ನಮ್ಮ ಎಲ್ಲ ಕಾಲ್‌ಗಳ ಸಿಲಬಸ್. ಅವನು ಅಂದ, 'ಹಂಗಾದ್ರ ಓಪನ್ ಬ್ಯಾಡ, ಇಬ್ಬರ ಇರೂಣು, ಬೇರೆ ಯಾರೂ ಇಲ್ಲ.' ಪಾಪಪ್ರಜ್ಞೆಯಿಂದ ಅಂದಿದ್ದು ಅಂತ ಇಬ್ಬರಿಗೂ ಗೊತ್ತಾಯ್ತು. ಹಂಗೆ ಕೊಟ್ಟಿದ್ದನ್ನ ತಗೊಳ್ಳೋಕೆ ಅವಳಿಗೆ ಮನಸ್ಸು ಬರಲಿಲ್ಲ.

ಆಗ ನಮಗೆ ನೆನಪಾಗಿದ್ದು ಸಾಠ್ ಕಬರ್. ಪಿಯುಸಿಯಲ್ಲಿ ಒಮ್ಮೆ ಫ್ರೆಂಡ್ ಸ್ಕೂಟಿಯಲ್ಲಿ ಹೋಗಿದ್ವಿ. ಗೋಲಗುಂಬಜ್‌ಗೆ ಬಂದ ಟೂರಿಸ್ಟ್‌ಗಳು ಅಲ್ಲಿಗೆ ಅಷ್ಟಾಗಿ ಬರಲ್ಲ. ಊರ ಹೊರಗೆ ಸಾಲು ಸಾಲಾಗಿ ಒಂದೇ ತರದ ಗೋರಿಗಳು, ಅರವತ್ತಕ್ಕೂ ಹೆಚ್ಚು. ಕಥೆ ನಿಮಗೂ ಗೊತ್ತಿರಬಹುದು. ಅಫಜಲ್ ಖಾನ್ 1659ರಲ್ಲಿ ಶಿವಾಜಿ ಮೇಲೆ ಯುದ್ಧಕ್ಕೆ ಹೊರಟಾಗ ಜ್ಯೋತಿಷಿ ನೀನು ತಿರುಗಿ ಬರಲ್ಲ ಅಂದನಂತೆ. ತಾನು ಸತ್ತ ಮೇಲೆ ಹೆಂಡಂದಿರು ಬೇರೆಯವರ ಪಾಲಾಗಬಾರದು ಅಂತ ಎಲ್ಲರನ್ನೂ ಕೊಲ್ಲಿಸಿದನಂತೆ. ಅವನು ಆ ವರ್ಷ ನವೆಂಬರ್‌ನಲ್ಲಿ ಪ್ರತಾಪಗಡದಲ್ಲಿ ಸತ್ತಿದ್ದು ಇತಿಹಾಸ. ಹೆಂಡಂದಿರದು ಜನ ಹೇಳಿಕೊಂಡು ಬಂದ ಕಥೆ. ಆದ್ರೆ ಗೋರಿಗಳಂತೂ ಇವೆ. 'ನೀನು ನನಗೆ ಮಾತ್ರ' ಅನ್ನೋದು ಕೊನೆ ಮುಟ್ಟಿದ್ರೆ ಹೆಂಗಿರುತ್ತೆ ಅಂತ ನಮ್ಮೂರಲ್ಲೇ ಕಲ್ಲಲ್ಲಿ ಇದೆ. ಅವತ್ತು ಅಲ್ಲಿಂದ ಬರುವಾಗ 'ನಾವು ಯಾವತ್ತೂ ಒಬ್ಬರನ್ನೊಬ್ಬರು ಹಿಂಗ ಹಿಡಕೊಳ್ಳೂದು ಬ್ಯಾಡ' ಅಂದಿದ್ವಿ. ಓಪನ್ ಅನ್ನೋ ಐಡಿಯಾ ಅಲ್ಲೇ ಎಲ್ಲೋ ಹುಟ್ಟಿರಬೇಕು.

ಇನ್ನೊಂದು ಕಥೆ ಅಜ್ಜಿಯದು. ಒಂದು ರಾತ್ರಿ ಬಬಲೇಶ್ವರದವಳು ಅಜ್ಜಿ ಕಾಲು ಒತ್ತುತ್ತಾ ಸುಮ್ಮನೆ ಕೇಳಿದಳು, ಅಜ್ಜ ಗುಳೆ ಹೋದಾಗ ನೀ ಹೆಂಗಿದ್ದಿ ಅಂತ. 1972ರ ಬರದಲ್ಲಿ ನಮ್ಮ ಕಡೆಯ ಬಹಳ ಮನೆಗಳಿಂದ ಗಂಡಸರು ಕೆಲಸ ಹುಡುಕಿಕೊಂಡು ಹೋದ್ರು. ಈಗ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಮೇಲೆ ಬರ್ತಿದೆ, ಆಗ ಅದೆಲ್ಲ ಇರಲಿಲ್ಲ. ಅಜ್ಜ ಸಾಂಗ್ಲಿ ಕಡೆ ಹೋಗಿ ಎರಡು ವರ್ಷ ಬರಲಿಲ್ಲ. ಪತ್ರ ಬಂದ್ರೆ ಸಾಲಿ ಮಾಸ್ತರ ಓದಿ ಹೇಳಬೇಕು, ಉತ್ತರವನ್ನೂ ಅವರೇ ಬರೀಬೇಕು. 'ಮಾಸ್ತರ ಮುಂದ ಏನ ಹೇಳಲಿ? ಅರಾಮ ಅದೀವಿ, ರೊಕ್ಕ ಮುಟ್ಟ್ಯಾವ, ಅಷ್ಟ.' ಆಮೇಲೆ ಅಜ್ಜಿ ತಾನಾಗೇ ಅಂದಳು, 'ಅಲ್ಲಿ ಅವ ಯಾರ ಜೋಡಿ ಇದ್ದ, ಹೆಂಗಿದ್ದ, ನಾ ಕೇಳಲಿಲ್ಲವಾ. ಕೇಳೂ ಹಂಗ ಇರಲಿಲ್ಲ. ನನ್ನ ಮಾತ್ರ ಎಲ್ಲಾರೂ ಕೇಳತಿದ್ರು, ಬಾವಿಗೆ ಹೋದರೂ.'

ಇದನ್ನ ಆ ಭಾನುವಾರ ಅವನಿಗೆ ಹೇಳಿದಾಗ ಅವನಿಗೂ ತನ್ನ ಮನೆ ನೆನಪಾಯ್ತು. ಟಿಕೋಟಾದಲ್ಲಿ ಈಗ ದ್ರಾಕ್ಷಿ, ಒಣದ್ರಾಕ್ಷಿ ಶೆಡ್ಡು ಅಂತ ಏನೇನೋ ಇದೆ, ಆದ್ರೆ ಅವನ ಅಜ್ಜನೂ ಗೋವಾಕ್ಕೆ ದುಡಿಯೋಕೆ ಹೋದವನೇ. ಲಾಂಗ್ ಡಿಸ್ಟೆನ್ಸ್ ನಮ್ಮ ಜಿಲ್ಲೆಗೆ ಹೊಸದಲ್ಲ. ಒಂದು ಕಡೆಗೆ ಮಾತ್ರ ಓಪನ್ ಇರೋದೂ ಹೊಸದಲ್ಲ. ನಾವು ಬಹಳ ಮಾಡರ್ನ್ ಅಂದುಕೊಂಡಿದ್ದು ಅಜ್ಜಿ ಐವತ್ತು ವರ್ಷದ ಹಿಂದೆ ಬಾಳಿದ್ದೇ. ವ್ಯತ್ಯಾಸ ಒಂದೇ ಇರಬೇಕಿತ್ತು, ನಾವು ಕೇಳಬಹುದಿತ್ತು. ಅದನ್ನೂ ನಾವೇ ರೂಲ್ ಎರಡು ಅಂತ ಹಾಕಿ ಮುಚ್ಚಿಬಿಟ್ಟಿದ್ವಿ. ಅವಳು ಮೂರು ವಾರ ಬೈಕಿನ ಹಿಂದೆ ಕೂತಿದ್ದು ಅವನಿಗೆ ಗೊತ್ತಾಗದೇ ಹೋಗಿದ್ದಕ್ಕೆ ಅವನೊಬ್ಬನದೇ ತಪ್ಪಲ್ಲ, ಅವಳದೂ ಅಲ್ಲ. ಆದ್ರೂ ಅವನಿಗೆ ಗೊತ್ತಾಗಬೇಕಿತ್ತು.

ಸಂಕ್ರಾಂತಿಗೆ ಅವನು ಊರಿಗೆ ಬಂದ. ಸಿದ್ಧೇಶ್ವರ ಜಾತ್ರೆ, ಊರ ತುಂಬಾ ಜನ. ಅಷ್ಟು ಜನರಲ್ಲಿ ಯಾರನ್ನೂ ಯಾರೂ ನೋಡಲ್ಲ ಅನ್ನೋ ಲೆಕ್ಕ ನಮ್ಮದು. ಗೋಲಗುಂಬಜ್‌ನಲ್ಲಿ ಭೇಟಿ ಆದ್ವಿ. ಬೇರೆ ಬೇರೆಯಾಗಿ ಹೋಗಿ, ಮಿನಾರದ ಏಳು ಅಂತಸ್ತಿನ ಮೆಟ್ಟಿಲು ಹತ್ತಿ, ಮೇಲಿನ ಪಿಸುಮಾತಿನ ಗ್ಯಾಲರಿಗೆ. ಫಿಸಿಕ್ಸ್ ಸರ್ ಹೇಳಿದ್ದು ನೆನಪಿದೆಯಲ್ಲ, ಈ ಕಡೆ ಗೋಡೆಗೆ ಪಿಸುಗುಟ್ಟಿದ್ರೆ ಸುಮಾರು 38 ಮೀಟರ್ ಆಚೆ ಎದುರು ಗೋಡೆಗೆ ಕಿವಿ ಇಟ್ಟವರಿಗೆ ಕೇಳುತ್ತೆ, ಬಾಗಿದ ಗೋಡೆಯ ಗುಂಟ ಸದ್ದು ಹರಿದು ಹೋಗುತ್ತೆ. ನಾವೂ ಎದುರೆದುರು ಕೂತ್ವಿ. ಒಬ್ಬರ ಹತ್ರ ಒಬ್ಬರು ಇಲ್ಲ, ಯಾರು ನೋಡಿದ್ರೂ ಬೇರೆ ಬೇರೆ. ಸಿನಿಮಾ ತರ ಇರುತ್ತೆ ಅಂದುಕೊಂಡಿದ್ವಿ. ಆದ್ರೆ ಅಲ್ಲಿ ಯಾವುದೋ ಶಾಲೆಯ ಟ್ರಿಪ್ ಬಂದಿತ್ತು. ಐವತ್ತು ಹುಡುಗರು 'ಓಓಓ' ಅಂತ ಕೂಗ್ತಾ ಇದ್ರು, ಗುಮ್ಮಟ ಪ್ರತಿಯೊಂದನ್ನೂ ಮತ್ತೆ ಮತ್ತೆ ತಿರುಗಿಸಿ ಕೊಡ್ತಾ ಇತ್ತು. ನಮ್ಮ ಪಿಸುಮಾತು ನಮಗೇ ಕೇಳಲಿಲ್ಲ. ಇಬ್ಬರಿಗೂ ನಗು ಬಂತು. ಕೊನೆಗೆ ಅವನು ಸುತ್ತಿಕೊಂಡು ಬಂದು ಎರಡು ಮಾರು ದೂರ ಕೂತ.

ಅವಳು ಬ್ಯಾಗಿಂದ ಎರಡು ಚೀಟಿ ತೆಗೆದಳು. 'ಆಪ್ಶನ್ ಎಂಟ್ರಿ ಮಾಡೂಣು' ಅಂದಳು. 'ಒಂದರಿಂದ ನಾಲ್ಕು. ಖರೇ ಬರಿ. ನನ್ನ ಸಲುವಾಗಿ ಬರೀಬ್ಯಾಡ, ನಿನಗ ಏನ್ ಬೇಕೋ ಅದು.' ನಾವು ಬೆನ್ನು ತಿರುಗಿಸಿ ಬರೆದ್ವಿ. ಅದಲುಬದಲು ಮಾಡಿದ್ವಿ.

ಅವಳದರಲ್ಲಿ ಒಂದು ಇತ್ತು. ಅವನದರಲ್ಲಿ ಎರಡು.

ಅವನು ಎರಡು ಬರೆದಿದ್ದಕ್ಕೆ ಅವಳಿಗೆ ನೋವಾಯ್ತು, ಇಲ್ಲ ಅಂತ ಹೇಳಲ್ಲ. ಆದ್ರೆ ಅವನು ಒಂದು ಅಂತ ಬರೆದು ಪುಸಲಾಯಿಸಬಹುದಿತ್ತು, ಬರೆಯಲಿಲ್ಲ. ಅವನು ಹೇಳಿದ್ದು ಇಷ್ಟು, 'ನೀನು ನನಗ ಇಷ್ಟ. ನಾ ಸುಳ್ಳು ಹೇಳಂಗಿಲ್ಲ. ಆದ್ರ ನನಗ ಇನ್ನೂ ಅಲ್ಲಿ ಯಾರ್‍ಯಾರು ಅದಾರ ಅಂತ ನೋಡೂದೈತಿ. ಹತ್ತೊಂಬತ್ತಕ್ಕ ಒಂದು ಅಂತ ಬರದ್ರ ಅದು ನಿನಗ ಮಾಡೂ ಮೋಸ.' ಅವಳು ಹೇಳಿದ್ದು, 'ಎರಡು ಅಂತ ಬರಿಯೂದು ತಪ್ಪಲ್ಲೋ. ಆದ್ರ ನಾ ಈ ಊರಾಗಿದ್ದು ಎರಡು ಬರಿಲಿಕ್ಕೆ ಆಗೂದಿಲ್ಲ. ನಿನಗ ಮ್ಯಾಲಿನ ಆಪ್ಶನ್ ಸಿಕ್ಕ ದಿನ ನನ್ನ ಸೀಟು ತಾನ ಕ್ಯಾನ್ಸಲ್ ಆಗತೈತಿ. ಅಲ್ಲೀ ತನಕಾ ನಾ ಕಾಯಬೇಕು, ಮತ್ತ ಮನ್ಯಾಗ ಸಿಕ್ಕಿಬಿದ್ರ ಕಾಲೇಜೂ ಹೋಗತೈತಿ. ಫೀ ಮಾತ್ರ ನಾ ಒಬ್ಬಾಕಿನ ಕಟ್ಟಿದಂಗ.'

ಇದಕ್ಕೆ ಅವನ ಹತ್ರ ಉತ್ತರ ಇರಲಿಲ್ಲ. ನಮ್ಮಿಬ್ಬರ ಹತ್ರನೂ ಇರಲಿಲ್ಲ. ಅಷ್ಟು ಹೊತ್ತಿಗೆ ಶಾಲೆ ಹುಡುಗರು ಇಳಿದು ಹೋಗಿದ್ರು. ಗುಮ್ಮಟ ಸುಮ್ಮನಾಗಿತ್ತು, ಆಗ ಪಿಸುಗುಟ್ಟಿದ್ರೆ ಕೇಳ್ತಿತ್ತೇನೋ. ಯಾರೂ ಎದ್ದು ಆ ಕಡೆ ಹೋಗಲಿಲ್ಲ.

ಹಂಗೆ ನಮ್ಮದು ಮುಗೀತು. ಜಗಳ ಇಲ್ಲ, ಬ್ಲಾಕ್ ಇಲ್ಲ. ಕೆಳಗೆ ಬಂದು ಅವಳು ಕುಸುರೆಳ್ಳು ಕೊಟ್ಟಳು, ಅವನೂ ಕೊಟ್ಟ. ಎಳ್ಳು ಬೆಲ್ಲ ತಗೊಂಡು ಒಳ್ಳೆ ಮಾತಾಡೂಣು ಅಂತಾರಲ್ಲ, ಆ ಮಾತು ಇಬ್ಬರ ಬಾಯಲ್ಲೂ ಬಂತು, ಪೂರ್ತಿ ಆಗಲಿಲ್ಲ. ಬಸ್ ಸ್ಟ್ಯಾಂಡಿಗೆ ಬೇರೆ ಬೇರೆ ಆಟೋದಲ್ಲಿ ಹೋದ್ವಿ. ಬಬಲೇಶ್ವರದ ಬಸ್ಸು ಅವತ್ತು ಟೈಮಿಗೆ ಸರಿಯಾಗಿ ಬಂದಿತ್ತು.

ಇದಾಗಿ ಎರಡು ತಿಂಗಳಾಯ್ತು. ಭಾನುವಾರ ರಾತ್ರಿ ಇಬ್ಬರಿಗೂ ಕಷ್ಟವೇ. ಅವನು ಹೇಳ್ತಾನೆ, ಒಂಬತ್ತು ಗಂಟೆಗೆ ಕೈ ತಾನಾಗೇ ಫೋನಿಗೆ ಹೋಗುತ್ತೆ ಅಂತ. ಅವಳು ಆ ಹೊತ್ತಿಗೆ ಅಜ್ಜಿ ಹತ್ರ ಕೂತಿರ್ತಾಳೆ. ಅಪ್ಪ ಈಗ ಗೇಟಿಗೆ ಬರಲ್ಲ. ಸೆಮಿಸ್ಟರ್ ರಿಸಲ್ಟ್ ಬಂತು, ಎಲ್ಲ ಕ್ಲಿಯರ್, ಓದು ಬಿಡಿಸೋ ಮಾತು ಸದ್ಯಕ್ಕೆ ನಿಂತಿದೆ. ಅವನು ಆ ಕಾಫಿ ಹುಡುಗಿ ಜೊತೆ ಏನಾದ ಅಂತ ಅವಳು ಕೇಳಿಲ್ಲ. ಕೇಳಿದ್ರೆ ಹೇಳ್ತಾನೆ ಅಂತ ಗೊತ್ತು.

ಇದನ್ನ ಯಾಕೆ ಬರೆದ್ವಿ ಅಂದ್ರೆ, ನಮ್ಮ ಕ್ಯಾಂಪಸ್‌ನಲ್ಲಿ ಈಗ ಇದೇ ತರದ ಅರೇಂಜ್‌ಮೆಂಟ್‌ನಲ್ಲಿ ಇರೋರು ಇನ್ನೂ ಇದ್ದೀರಿ ಅಂತ ನಮಗೆ ಗೊತ್ತು. ಓಪನ್ ತಪ್ಪು ಅಂತ ಹೇಳೋಕೆ ನಾವು ಯಾರೂ ಅಲ್ಲ. ಹಿಡಿದಿಟ್ಟುಕೊಳ್ಳೋದು ಸರಿ ಅಂತಲೂ ಹೇಳಲ್ಲ, ಬೇಕಿದ್ರೆ ಸಾಠ್ ಕಬರ್‌ಗೆ ಹೋಗಿ ನೋಡಿ ಬನ್ನಿ. ಆದ್ರೆ ರೂಲ್ ಮಾಡುವಾಗ ಇಬ್ಬರಿಗೂ ಒಂದೇ ರೂಲಾ ಅಂತ ಮಾತ್ರ ನೋಡಬೇಡಿ. ಸಿಕ್ಕಿಬಿದ್ರೆ ಯಾರಿಗೆ ಏನು ಹೋಗುತ್ತೆ ಅಂತ ಕೇಳಿ. ಒಬ್ಬರಿಗೆ ಒಂದು ಸಂಜೆ, ಇನ್ನೊಬ್ಬರಿಗೆ ಒಂದು ಡಿಗ್ರಿ ಅಂತಾದ್ರೆ ಅದು ಸಮಾನ ಅಲ್ಲ. ಇನ್ನೊಂದು, 'ಕೇಳಬಾರದು' ಅನ್ನೋ ರೂಲ್ ಮಾಡಬೇಡಿ. ನಮ್ಮ ಅಜ್ಜಿಗೆ ಆ ರೂಲನ್ನ ಬೇರೆಯವರು ಮಾಡಿದ್ರು, ನಾವು ನಾವೇ ಮಾಡ್ಕೊಂಡ್ವಿ.

ಕಳಿಸೋ ಮೊದಲು ಇದನ್ನ ಅವನಿಗೆ ಓದೋಕೆ ಕೊಟ್ಟಾಗ ಅವನು ಎರಡು ತಿದ್ದುಪಡಿ ಮಾಡಿದ. ಒಂದು, ತಾನು ಅಳಲಿಲ್ಲ ಅಂತ ಬರೆದಿದ್ದ ಸಾಲನ್ನ ತೆಗೆದುಹಾಕಿದ. ಇನ್ನೊಂದು, ಅಲ್ಲಲ್ಲಿ 'ನಾನು' ಅಂತ ಇದ್ದದ್ದನ್ನೆಲ್ಲ ಅಳಿಸಿ 'ನಾವು' ಮಾಡಿದ. 'ಇದೊಂದಕ್ಕ ಇರಲಿ' ಅಂದ. ಇರಲಿ ಅಂತ ಬಿಟ್ಟಿದ್ದೀವಿ.